ಓದುಗರ ಪ್ರಶ್ನೆಗಳಿಗೆ ಉತ್ತರ: ಅಪಾರ್ಟ್‌ಮೆಂಟಿನಿಂದ ಸ್ವಂತ ಮನೆಗೆ

ಪ್ರಶ್ನೆ: ಮಾನ್ಯರೆ, ನಮಗೆ ಮದುವೆಯಾಗಿ ಮೂರು ವರ್ಷವಾಯಿತು. ಇಷ್ಟೂ ದಿನ ಅಪಾರ್ಟ್‌ಮೆಂಟೊಂದರ ನಾಲ್ಕನೆಯ ಮಹಡಿಯಲ್ಲಿದ್ದೆವು. ನಲ್ಲಿ ಕೆಟ್ಟರೂ ದೀಪ ಹೋದರೂ ಕೆಳಗಿನ ಕಚೇರಿಗೆ ಒಂದು ಫೋನ್ ಮಾಡಿದರೆ ಸಾಕಿತ್ತು. ಮುಂದಿನ ತಿಂಗಳು ಹೊಸದಾಗಿ ಕಟ್ಟಿ ಮುಗಿಸಿರುವ ಎರಡು ಅಂತಸ್ತಿನ ಮನೆಗೆ ಹೋಗುತ್ತಿದ್ದೇವೆ. ಕಪಾಟು, ಪರದೆ, ಸೋಫಾ, ಮಂಚ ಎಲ್ಲವೂ ಸಿದ್ಧವಾದ ಮೇಲೆಯೇ ಅಲ್ಲಿಗೆ ಹೋಗಬೇಕೆಂಬುದು ನನ್ನ ಪತಿಯ ಹಟ. ಆ ಮನೆಯ ಒಳಹೊರಗು ನಮಗೇನೂ ತಿಳಿದಿಲ್ಲವೆಂಬುದು ನನ್ನ ಭಯ. ಇದೇ ವಿಷಯಕ್ಕೆ ದಿನವೂ ಮಾತಿಗೆ ಮಾತು ಬೆಳೆಯುತ್ತಿದೆ. ನಾವು ಮೊದಲು ಮಾಡಬೇಕಾದದ್ದೇನು?

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಪಾಲಿಗೆ ಬಂದಿದ್ದದ್ದು ನಾಲ್ಕು ಗೋಡೆಗಳ ಒಳಗಿನ ಜಾಗ ಮಾತ್ರ. ನೀರೆತ್ತುವ ಪಂಪು, ತಾರಸಿಯ ಟ್ಯಾಂಕು, ಒಳಚರಂಡಿ, ಮಳೆನೀರಿನ ಕೊಳವೆ, ಮೆಟ್ಟಿಲಿನ ದೀಪ ಇವೆಲ್ಲವನ್ನೂ ನಿಮ್ಮ ಕಣ್ಣಿಗೆ ಬೀಳದಂತೆ ಬೇರೆ ಯಾರೋ ನೋಡಿಕೊಳ್ಳುತ್ತಿದ್ದರು. ಸ್ವಂತ ಮನೆಗೆ ಹೋದ ದಿನದಿಂದ ಅಷ್ಟೂ ಕೆಲಸ ನಿಮ್ಮಿಬ್ಬರ ತಲೆಯ ಮೇಲೆ ಬರುತ್ತದೆ. ಆದ್ದರಿಂದ ಮನೆಯನ್ನು ಅಲಂಕರಿಸುವ ಮೊದಲು ಅದರ ಪರಿಚಯ ಮಾಡಿಕೊಳ್ಳಿ ಎಂಬುದೇ ನನ್ನ ಮುಖ್ಯ ಸಲಹೆ.

ಪರಿಚಯ ನೀರಿನಿಂದ ಆರಂಭವಾಗಲಿ. ನಾವು ಮನೆ ಬದಲಿಸಿದ ಹೊಸದರಲ್ಲಿ ಒಂದು ರಾತ್ರಿ ಅಡುಗೆಮನೆಯ ಸಿಂಕಿನ ಕೆಳಗಿನ ಕೊಳವೆ ಕಳಚಿಕೊಂಡಿತು. ನೀರು ಅಡುಗೆಮನೆಯನ್ನು ದಾಟಿ ಹಜಾರಕ್ಕೆ ಹರಿಯುತ್ತಿದ್ದರೂ ಮುಖ್ಯ ವಾಲ್ವ್ ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಕೊನೆಗೆ ಟಾರ್ಚ್ ಹಿಡಿದು ಹುಡುಕಿದಾಗ ಅದು ಹಿತ್ತಿಲ ಗೋಡೆಯ ಬುಡದಲ್ಲಿ, ಕಟ್ಟಡದ ಕೆಲಸದಲ್ಲಿ ಉಳಿದ ಟೈಲ್ಸ್ ಚೂರುಗಳ ಹಿಂದೆ ಸಿಕ್ಕಿತು. ಬಿಗಿದುಕೊಂಡಿದ್ದ ಅದರ ಹಿಡಿಯನ್ನು ತಿರುಗಿಸಲು ಇಬ್ಬರು ಬೇಕಾಯಿತು. ನೀವು ಸಾಮಾನು ಸಾಗಿಸುವ ಮೊದಲೇ ಪ್ಲಂಬರ್ ಅವರನ್ನು ಜೊತೆಗೆ ಕರೆದುಕೊಂಡು ಮನೆಯ ಪ್ರತಿಯೊಂದು ವಾಲ್ವನ್ನೂ ನೋಡಿ, ನಿಮ್ಮ ಕೈಯಿಂದಲೇ ಮುಚ್ಚಿ ತೆರೆದು, ಯಾವುದು ಯಾವ ಕೋಣೆಯ ನೀರನ್ನು ನಿಲ್ಲಿಸುತ್ತದೆಂದು ಬರೆದ ಚೀಟಿಯನ್ನು ಅದಕ್ಕೆ ಕಟ್ಟಿಬಿಡಿ. ನೀರಿನ ಮೀಟರಿದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಎಲ್ಲ ನಲ್ಲಿಗಳನ್ನೂ ಮುಚ್ಚಿ, ಟ್ಯಾಂಕಿಗೆ ನೀರು ತುಂಬುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ. 2 ಗಂಟೆ ಹನಿ ನೀರನ್ನೂ ಬಳಸದೆ ಮತ್ತೆ ನೋಡಿದಾಗ ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಟ್ಯಾಂಕಿನ ನಂತರದ ಕೊಳವೆಗಳ ಸೋರಿಕೆ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಅದಕ್ಕಾಗಿ ರಾತ್ರಿ ಮಲಗುವ ಮುನ್ನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಎದ್ದೊಡನೆ ನೋಡಬೇಕು.

ವಿದ್ಯುತ್ತಿನ ವಿಷಯದಲ್ಲಿ ಇಬ್ಬರೂ ಸೇರಿ ಮಾಡುವ ಒಂದು ಕೆಲಸವಿದೆ. ಒಬ್ಬರು ಡಿಬಿ ಪೆಟ್ಟಿಗೆಯ (ಮನೆಯ ವಿದ್ಯುತ್ತನ್ನು ಕೋಣೆಗಳಿಗೆ ಹಂಚುವ ಪೆಟ್ಟಿಗೆ) ಮುಂದೆ ನಿಂತು ಎಂಸಿಬಿಗಳನ್ನು, ಅಂದರೆ ಹೊರೆ ಹೆಚ್ಚಾದಾಗ ತಾವಾಗಿಯೇ ಇಳಿಯುವ ಸ್ವಿಚ್ಚುಗಳನ್ನು, ಒಂದೊಂದಾಗಿ ಕೆಳಗಿಳಿಸಲಿ, ಇನ್ನೊಬ್ಬರು ಕೋಣೆಯಿಂದ ಕೋಣೆಗೆ ಹೋಗಿ ಎಲ್ಲಿ ದೀಪ ಆರಿತು, ಯಾವ ಪ್ಲಗ್ ಸತ್ತಿತು ಎಂದು ಕೂಗಿ ಹೇಳಲಿ. ಅರ್ಧ ಗಂಟೆಯಲ್ಲಿ ಇಡೀ ಮನೆಯ ನಕ್ಷೆ ಕೈಗೆ ಬರುತ್ತದೆ. ಅದನ್ನು ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ. ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ (ವಿದ್ಯುತ್ತು ಸೋರಿದೊಡನೆ ಸರಬರಾಜನ್ನು ಕಡಿಯುವ ಸಾಧನ) ಇದೆಯೇ ಎಂಬುದನ್ನಂತೂ ಎಲೆಕ್ಟ್ರಿಷಿಯನ್ ಅವರನ್ನು ಕೇಳಿಯೇ ತಿಳಿದುಕೊಳ್ಳಿ. ಅನೇಕರು ಎಂಸಿಬಿಯೊಂದಿದ್ದರೆ ಸಾಕೆಂದುಕೊಂಡಿರುತ್ತಾರೆ. ಎಂಸಿಬಿ ತಂತಿಯನ್ನು ಅತಿಯಾದ ಹೊರೆಯಿಂದ ಮತ್ತು ಶಾರ್ಟ್ ಸರ್ಕ್ಯೂಟಿನಿಂದ ಕಾಪಾಡುತ್ತದೆಯೇ ಹೊರತು ಶಾಕ್ ಹೊಡೆಸಿಕೊಂಡ ಮನುಷ್ಯನನ್ನು ಅದು ಕಾಪಾಡುತ್ತದೆಂದು ನೆಚ್ಚುವಂತಿಲ್ಲ. ಆ ಕೆಲಸಕ್ಕೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕು. ಅದರ ಮೇಲೆ ಪರೀಕ್ಷೆಗೆಂದೇ ಒಂದು ಚಿಕ್ಕ ಗುಂಡಿ ಇರುತ್ತದೆ. ಒತ್ತಿದೊಡನೆ ಅದು ಟ್ರಿಪ್ ಆಗಿ ಕರೆಂಟ್ ನಿಲ್ಲಬೇಕು, ಆಗದಿದ್ದರೆ ಅದನ್ನು ಬದಲಿಸದೆ ಮನೆಯಲ್ಲಿ ವಾಸ ಆರಂಭಿಸಬೇಡಿ. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲುಮನೆಯೊಳಗೆ ಹಾಕಿಸಿದ್ದರೆ ಅದನ್ನೂ ಮೊದಲೇ ಹೊರಗೆ ಸಾಗಿಸಿ. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಸ್ನಾನಕ್ಕೆ ಹೋದವರಿಗೆ ಎಚ್ಚರ ತಪ್ಪುವವರೆಗೂ ಅದರ ಸುಳಿವು ಸಿಗದಿರಬಹುದು.

ಗೋಡೆಯೊಳಗೆ ಹಾದುಹೋಗಿರುವ ಕೊಳವೆ ಮತ್ತು ತಂತಿಗಳ ನಕ್ಷೆಯನ್ನು ಕಟ್ಟಿಸಿದವರಿಂದ ಕೇಳಿ ಪಡೆಯಿರಿ. ಅವರು ಕೆಲಸದ ನಡುವೆ ತೆಗೆದ ಫೋಟೋಗಳಿದ್ದರೂ ಸಾಕು, ನಾಳೆ ಗೋಡೆಗೆ ಡ್ರಿಲ್ ಹಾಕುವಾಗ ಅವು ಉಪಯೋಗಕ್ಕೆ ಬರುತ್ತವೆ. ಬೀಗಗಳ ಮಾತಿಗೆ ಬಂದರೆ, ಕಟ್ಟಡದ ಕೆಲಸ ನಡೆದಷ್ಟು ದಿನ ಕೀಲಿಗಳು ಹಲವರ ಕೈ ಸೇರಿರುವುದರಿಂದ ಹೊರಬಾಗಿಲಿನ ಬೀಗವನ್ನು ಬದಲಿಸುವುದು ಕ್ಷೇಮ.

ಇನ್ನು ನಿಮ್ಮ ಪತಿಯ ಮಾತು. ಅವರ ಹಟದಲ್ಲಿ ಅರ್ಧ ಸತ್ಯವಿದೆ. ದೂಳೆಬ್ಬಿಸುವ ಮರಗೆಲಸ, ಗೋಡೆ ಕೊರೆಯುವ ಕೆಲಸ, ಬಣ್ಣ ಇವೆಲ್ಲವೂ ನೀವು ಹೋಗುವ ಮೊದಲೇ ಮುಗಿದಿರಬೇಕು. ಬಣ್ಣ, ಪಾಲಿಶ್ ಮತ್ತು ಅಂಟುಗಳಿಂದ ಗಾಳಿಗೆ ಸೇರುವ ಅಂಶಗಳು ಕಣ್ಣುರಿ, ತಲೆನೋವು ತರುತ್ತವೆ. ಪ್ಲೈವುಡ್ ಮತ್ತು ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ) ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲವು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತಲೇ ಇರುತ್ತದೆ, ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಅದು ಹೆಚ್ಚು. ಆದ್ದರಿಂದ ಕಪಾಟುಗಳ ಕೆಲಸ ಮುಗಿದ ಮೇಲೆ ಅವುಗಳ ಬಾಗಿಲು, ಡ್ರಾಯರ್‌ಗಳನ್ನೆಲ್ಲ ತೆರೆದಿಟ್ಟು, ಎದುರುಬದುರು ಕಿಟಕಿಗಳನ್ನೂ ತೆರೆದು ಕೆಲವು ವಾರ ಗಾಳಿಯಾಡಲು ಬಿಡಿ.

ಆದರೆ ಸೋಫಾ, ಮಂಚ, ಊಟದ ಮೇಜು, ಪರದೆ ಇವುಗಳನ್ನು ಖಾಲಿ ಮನೆಯನ್ನು ನೋಡಿ ನಿರ್ಧರಿಸುವುದು ತಪ್ಪೆಂದೇ ನಾನು ಹೇಳುತ್ತೇನೆ. ಯಾವ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಸಂಜೆ ಗಾಳಿ ಎತ್ತಲಿಂದ ಬರುತ್ತದೆ, ಇಬ್ಬರೂ ತಿಳಿಯದೆಯೇ ಯಾವ ಮೂಲೆಯಲ್ಲಿ ಹೋಗಿ ಕುಳಿತುಕೊಳ್ಳುತ್ತೀರಿ ಎಂಬುದು ವಾಸ ಮಾಡದೆ ತಿಳಿಯುವಂಥದ್ದಲ್ಲ. ಫ್ಲ್ಯಾಟಿನಲ್ಲಿದ್ದ ಹಳೆಯ ಸಾಮಾನಿನೊಂದಿಗೇ ಹೋಗಿ ಒಂದೆರಡು ತಿಂಗಳು ಇರಿ. ಹೊಸ ವಸ್ತುವನ್ನು ತರಬೇಕೆನ್ನಿಸಿದಾಗ ಅದರ ಉದ್ದಗಲಕ್ಕೆ ಸರಿಯಾಗಿ ಹಳೆಯ ಪತ್ರಿಕೆಗಳನ್ನು ಅಂಟಿಸಿ ನೆಲದ ಮೇಲೆ ಹಾಸಿ, ನಾಲ್ಕು ದಿನ ಅದನ್ನು ತುಳಿಯದೆ ಸುತ್ತಿಹೋಗುತ್ತಾ ಓಡಾಡಿ. ಕಾಗದದ ಅಂಚನ್ನು ಪದೇ ಪದೇ ತುಳಿಯುತ್ತಿದ್ದೀರಾದರೆ ಆ ಮೇಜು ಆ ಜಾಗಕ್ಕೆ ದೊಡ್ಡದಾಯಿತು. ಮೆಟ್ಟಿಲಿನ ತಿರುವಿನ ಅಗಲವನ್ನೂ ಅಳೆಯಿರಿ. ಕೋಣೆಯಲ್ಲಿ ಹಿಡಿಸುವ ಮಂಚ ಮೆಟ್ಟಿಲಿನಲ್ಲಿ ಹಿಡಿಸದೆ ಕೆಳಗೇ ಉಳಿದ ಮನೆಗಳನ್ನು ನಾನು ಬಲ್ಲೆ.

ಹಣದ ವಿಷಯದಲ್ಲಿಯೂ ಈ ನಿಧಾನ ನಿಮಗೆ ನೆರವಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ತಿಂಗಳ ನಿರ್ವಹಣಾ ಶುಲ್ಕವೆಂದು ಕೊಡುತ್ತಿದ್ದ ಹಣ ಇನ್ನು ಉಳಿಯುತ್ತದೆಂದು ಲೆಕ್ಕ ಹಾಕಬೇಡಿ. ಮನೆಯ ಬೆಲೆಯ ಸುಮಾರು ಶೇಕಡಾ 1ರಷ್ಟನ್ನು ಪ್ರತಿ ವರ್ಷ ದುರಸ್ತಿಗೆಂದು ತೆಗೆದಿಡಬೇಕೆಂಬುದು ರೂಢಿಯಲ್ಲಿರುವ ಒಂದು ಅಂದಾಜು. ಹೊಸ ಮನೆಗೆ ಮೊದಲ ವರ್ಷಗಳಲ್ಲಿ ಅಷ್ಟು ತಗಲದಿರಬಹುದು, ಆದರೂ ತೆಗೆದಿಡುವ ಅಭ್ಯಾಸ ಈಗಲೇ ಆರಂಭವಾಗಲಿ.

ನಿಮ್ಮಿಬ್ಬರ ಜಗಳಕ್ಕೆ ನನಗೆ ತೋಚುವ ಉಪಾಯ ಇಷ್ಟೇ. ಈ ವಾರದ ರಜೆಯ ದಿನ ಒಂದು ಚಾಪೆ, ಕುಡಿಯುವ ನೀರು, ಅಳತೆಯ ಟೇಪು ಮತ್ತು ಒಂದು ನೋಟುಪುಸ್ತಕ ತೆಗೆದುಕೊಂಡು ಆ ಖಾಲಿ ಮನೆಗೆ ಹೋಗಿ, ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಅಲ್ಲಿಯೇ ಇದ್ದುಬಿಡಿ. ನೀವು ಅಂಜುವ ವಿಷಯಗಳನ್ನು ಒಂದು ಪುಟದಲ್ಲಿ ನೀವು ಬರೆಯಿರಿ, ಆಸೆಪಡುವ ವಸ್ತುಗಳನ್ನು ಇನ್ನೊಂದು ಪುಟದಲ್ಲಿ ಅವರು ಬರೆಯಲಿ, ಬಳಿಕ ಪುಸ್ತಕವನ್ನು ಅದಲುಬದಲು ಮಾಡಿಕೊಂಡು ಓದಿ. ಫ್ಲ್ಯಾಟಿನಲ್ಲಿ ಕುಳಿತು ಊಹೆಯ ಮೇಲೆ ಆಡುತ್ತಿರುವ ವಾದ ಆ ಮನೆಯ ನೆಲದ ಮೇಲೆ ಕುಳಿತಾಗ ಹಾಗೆಯೇ ಉಳಿಯಲಾರದೆಂಬ ನಂಬಿಕೆ ನನಗಿದೆ.

ಪ್ರಶ್ನೆ: ಸಾಮಾನು ಕಟ್ಟಲು ಇನ್ನು ಹತ್ತೇ ದಿನ ಉಳಿದಿದೆ, ಇಬ್ಬರೂ ಕೆಲಸಕ್ಕೆ ಹೋಗುವವರು. ಮುಖ್ಯವಾಗಿ ಯಾವುದರ ಕಡೆ ಗಮನವಿರಬೇಕು?

ಉತ್ತರ: ಪುಸ್ತಕಗಳಂಥ ಭಾರದ ವಸ್ತುಗಳಿಗೆ ಚಿಕ್ಕ ಪೆಟ್ಟಿಗೆ, ಬಟ್ಟೆ ದಿಂಬುಗಳಿಗೆ ದೊಡ್ಡ ಪೆಟ್ಟಿಗೆ. ಪುಸ್ತಕ ತುಂಬಿದರೆ ಮಧ್ಯಮ ಗಾತ್ರದ ರಟ್ಟಿನ ಪೆಟ್ಟಿಗೆಯೂ 20 ಕಿಲೋ ದಾಟಿ ತಳ ಹರಿಯುತ್ತದೆ. ಪೆಟ್ಟಿಗೆಯ ಮೇಲ್ಭಾಗದಲ್ಲಲ್ಲ, ಎರಡು ಪಕ್ಕಗಳಲ್ಲಿ ಅದು ಹೊಸ ಮನೆಯ ಯಾವ ಕೋಣೆಗೆ ಸೇರಬೇಕೆಂದು ಬರೆಯಿರಿ, ಒಂದರ ಮೇಲೊಂದು ಪೇರಿಸಿದಾಗಲೂ ಕಾಣಿಸುತ್ತದೆ. ಬಾಗಿಲು ಮುಂಭಾಗದಲ್ಲಿರುವ (ಫ್ರಂಟ್ ಲೋಡ್) ವಾಷಿಂಗ್ ಮಷಿನಿನ ಡ್ರಮ್ಮನ್ನು ಬಿಗಿಯುವ ಬೋಲ್ಟುಗಳನ್ನು ಸಾಗಿಸುವ ಮೊದಲು ಹಾಕಿಸಬೇಕು, ತಲುಪಿದ ಮೇಲೆ ಮರೆಯದೆ ತೆಗೆಸಬೇಕು. ಫ್ರಿಜ್ಜನ್ನು ನಿಲ್ಲಿಸಿಯೇ ಸಾಗಿಸಿ, ಮಲಗಿಸಬೇಕಾಗಿ ಬಂದಿದ್ದರೆ ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಲೆಂದು ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿಟ್ಟು ಆಮೇಲೆ ಸ್ವಿಚ್ ಹಾಕಿ. ಮೊದಲ ರಾತ್ರಿಗೆ ಬೇಕಾಗುವ ಹಾಸಿಗೆ ಬಟ್ಟೆ, ಔಷಧಿ, ಸೋಪು, ಚಾರ್ಜರ್, ಟಾರ್ಚ್, ಸ್ಕ್ರೂಡ್ರೈವರ್ ಮತ್ತು ಮನೆಯ ಕಾಗದಪತ್ರಗಳ ಚೀಲ ಲಾರಿಯಲ್ಲಿ ಬೇಡ, ನಿಮ್ಮ ಕೈಯಲ್ಲಿಯೇ ಇರಲಿ.

ಪ್ರಶ್ನೆ: ಹೊಸ ಮನೆಗೆ ಬಂದು ಎರಡು ತಿಂಗಳಾಯಿತು. ಬಳಸದೆ ಬಿಟ್ಟಿರುವ ಮೇಲಿನ ಬಚ್ಚಲುಮನೆಯಿಂದ ಎಷ್ಟು ತೊಳೆದರೂ ಕೆಟ್ಟ ವಾಸನೆ ಬರುತ್ತಿದೆ. ಗೋಡೆಗಳಲ್ಲಿ ಸಣ್ಣ ಬಿರುಕುಗಳೂ ಕಾಣಿಸಿಕೊಂಡಿವೆ. ಕಟ್ಟಿದವರು ಮೋಸ ಮಾಡಿದರೇ?

ಉತ್ತರ: ವಾಸನೆಗೆ ಕಾರಣ ನೀವು ಅದನ್ನು ಬಳಸದಿರುವುದೇ ಇರಬಹುದು. ನೀರು ಹೋಗುವ ಜಾಲರಿಯ ಕೆಳಗೆ ಬಾಗಿದ ಭಾಗವೊಂದಿದ್ದು, ಅದರಲ್ಲಿ ಸದಾ ನಿಂತಿರುವ ಸ್ವಲ್ಪ ನೀರು ಚರಂಡಿಯ ಗಾಳಿ ಒಳಗೆ ಬಾರದಂತೆ ತಡೆಯುತ್ತದೆ. ವಾರಗಟ್ಟಲೆ ನೀರು ಹಾಕದಿದ್ದರೆ ಅದು ಆವಿಯಾಗಿ ದಾರಿ ತೆರೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಎರಡು ಚೊಂಬು ನೀರು ಸುರಿದು ನೋಡಿ. ಅಪಾರ್ಟ್‌ಮೆಂಟಿನಲ್ಲಿ ಇದ್ದೊಂದು ಬಚ್ಚಲನ್ನು ದಿನವೂ ಬಳಸುತ್ತಿದ್ದುದರಿಂದ ಈ ತೊಂದರೆ ನಿಮ್ಮ ಅರಿವಿಗೆ ಬಂದಿರಲಾರದು. ನೀರು ಸುರಿದ ಮೇಲೂ ವಾಸನೆ ಹೋಗದಿದ್ದರೆ ಪ್ಲಂಬರ್ ಅವರಿಂದ ಆ ಭಾಗವನ್ನು ಪರೀಕ್ಷೆ ಮಾಡಿಸಿ.

ಬಿರುಕುಗಳನ್ನು ನೋಡಿ ಕೂಡಲೇ ಯಾರನ್ನೂ ದೂಷಿಸಬೇಡಿ, ಹಾಗೆಂದು ಕಡೆಗಣಿಸಲೂ ಬೇಡಿ. ಕಾಂಕ್ರೀಟಿನ ಬಲವನ್ನು 28 ದಿನಗಳಿಗೆ ಅಳೆಯುವುದು ರೂಢಿಯಾದರೂ ಗೋಡೆ ಮತ್ತು ಗಿಲಾವಿನಲ್ಲಿ ಉಳಿದ ತೇವ ಆರಲು ತಿಂಗಳುಗಳೇ ಬೇಕು. ಆರುವಾಗ ಗಿಲಾವು ಕುಗ್ಗಿ ಕೂದಲೆಳೆಯಂಥ ಗೆರೆಗಳು ಮೂಡುವುದು ಸಾಮಾನ್ಯ. ಪ್ರತಿ ಗೆರೆಯ ಎರಡು ತುದಿಗಳಿಗೂ ಪೆನ್ಸಿಲಿನಿಂದ ಅಡ್ಡಗೀಟು ಎಳೆದು ಪಕ್ಕದಲ್ಲಿ ದಿನಾಂಕ ಬರೆದಿಡಿ. ಮೂರು ತಿಂಗಳಾದರೂ ಗೆರೆ ಗೀಟನ್ನು ದಾಟದಿದ್ದರೆ ಮುಂದಿನ ಸಲ ಬಣ್ಣ ಹೊಡೆಸುವಾಗ ತುಂಬಿಸಿದರಾಯಿತು. ದಾಟಿ ಬೆಳೆಯುತ್ತಿದ್ದರೆ, ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಅಗಲವಾಗುತ್ತಾ ಹೋದರೆ, ಅಥವಾ ಇದ್ದಕ್ಕಿದ್ದಂತೆ ಬಾಗಿಲು ಬಿಗಿಯತೊಡಗಿದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಲೇಬೇಕು, ಮೇಸ್ತ್ರಿಯ ಸಮಾಧಾನದ ಮಾತು ಅಲ್ಲಿ ಸಾಲದು.

ಪ್ರಶ್ನೆ: ನನ್ನ ಪತಿಗೆ ರಾತ್ರಿ ಪಾಳಿ. ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದಾಗ ಭಯವಾಗುತ್ತಿರಲಿಲ್ಲ, ಇಲ್ಲಿ ಪ್ರತಿ ಸಪ್ಪಳಕ್ಕೂ ಎಚ್ಚರವಾಗುತ್ತದೆ. ಇದು ಹೇಳಿಕೊಳ್ಳಲೂ ನಾಚಿಕೆಯಾಗುವ ಸಂಗತಿ.

ಉತ್ತರ: ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯ ಕುರ್ಚಿ ಎಳೆದ ಸದ್ದು, ಲಿಫ್ಟಿನ ಸದ್ದು, ಪಕ್ಕದ ಮನೆಯ ಟಿವಿ ಇವೆಲ್ಲ ಯಾರೋ ಹತ್ತಿರದಲ್ಲಿದ್ದಾರೆಂಬ ಧೈರ್ಯವನ್ನು ನಿಮಗೆ ತಿಳಿಯದಂತೆಯೇ ಕೊಡುತ್ತಿದ್ದವು. ಆ ಧೈರ್ಯ ಹೋದ ಜಾಗದಲ್ಲಿ ಈಗ ಮನೆಯ ಸದ್ದುಗಳು ಮಾತ್ರ ಕೇಳಿಸುತ್ತಿವೆ. ಹಗಲು ಕಾದ ತಗಡು, ಮರ ಮತ್ತು ಕೊಳವೆಗಳು ರಾತ್ರಿ ತಣ್ಣಗಾಗುವಾಗ ಕುಗ್ಗಿ ಟಕ್ಕೆನ್ನುತ್ತವೆ. ನಲ್ಲಿಯನ್ನು ಥಟ್ಟನೆ ನಿಲ್ಲಿಸಿದಾಗ ಕೊಳವೆಯೊಳಗೆ ನೀರು ಬಡಿದು ಗೋಡೆಯಲ್ಲಿ ಗುದ್ದಿದಂಥ ಶಬ್ದವಾಗುತ್ತದೆ. ಪತಿ ಮನೆಯಲ್ಲಿರುವ ಒಂದು ರಾತ್ರಿ ಇಬ್ಬರೂ ದೀಪವಾರಿಸಿ ಕುಳಿತು, ಕೇಳಿಸಿದ ಒಂದೊಂದು ಸದ್ದಿನ ಹಿಂದೆಯೂ ಟಾರ್ಚ್ ಹಿಡಿದು ಹೋಗಿ ಅದರ ಮೂಲವನ್ನು ಕಂಡುಹಿಡಿಯಿರಿ. ಮೂಲ ಗೊತ್ತಾದ ಸದ್ದಿಗೆ ಮತ್ತೆ ಎಚ್ಚರವಾಗುವುದು ಕಡಿಮೆ.

ಜೊತೆಗೆ ಕಾಯುವ ವ್ಯವಸ್ಥೆಯೂ ಗಟ್ಟಿಯಾಗಿರಲಿ. ಮಲಗುವ ಕೋಣೆಯಿಂದಲೇ ಹಾಕಬಹುದಾದ ಹೊರದೀಪದ ಸ್ವಿಚ್ ಒಂದನ್ನು ಹಾಕಿಸಿ, ಕೆಳಗಿನ ಕಿಟಕಿಗಳ ಚಿಲಕಗಳನ್ನು ಸಂಜೆಯೇ ನೋಡಿಕೊಳ್ಳಿ. ಅಕ್ಕಪಕ್ಕದ ಎರಡು ಮನೆಯವರನ್ನಾದರೂ ಭೇಟಿಯಾಗಿ, ಪತಿಗೆ ರಾತ್ರಿ ಪಾಳಿಯಿರುತ್ತದೆಂದು ಸಂಕೋಚವಿಲ್ಲದೆ ತಿಳಿಸಿ, ಅವರ ಫೋನ್ ನಂಬರನ್ನು ಹಾಸಿಗೆಯ ಬಳಿಯೇ ಬರೆದಿಟ್ಟುಕೊಳ್ಳಿ.