ಭಾವನಿಗೆ ಮಾತ್ರೆ, ಗೆಳೆಯನಿಗೆ ಇಂಜೆಕ್ಷನ್, ನನಗೇಕೆ ಬರೀ ಮುಲಾಮು?

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯೊಂದರ ಅಡಿಕೆ ಬೆಳೆಗಾರ, ವಯಸ್ಸು 46. ಆರು ವರ್ಷಗಳಿಂದ ಮೊಣಕೈ, ಮೊಣಕಾಲು ಮತ್ತು ನೆತ್ತಿಯಲ್ಲಿ ಸೋರಿಯಾಸಿಸ್ ಇದೆ. ವೈದ್ಯರು ಮುಲಾಮು ಮತ್ತು ತಲೆಗೆ ಹಚ್ಚುವ ಲೋಷನ್ ಬಿಟ್ಟು ಬೇರೇನನ್ನೂ ಕೊಟ್ಟಿಲ್ಲ. ಹೊನ್ನಾವರದ ನನ್ನ ಭಾವನಿಗೆ ಇದೇ ಕಾಯಿಲೆಗೆ ವಾರಕ್ಕೊಮ್ಮೆ ನುಂಗುವ ಮಾತ್ರೆ, ಹುಬ್ಬಳ್ಳಿಯ ಗೆಳೆಯನಿಗೆ ಇಂಜೆಕ್ಷನ್. ಇಬ್ಬರ ಮೈಯೂ ಈಗ ಚೊಕ್ಕವಾಗಿದೆ. ಭಾವನ ಮಾತ್ರೆಯನ್ನೇ ನಾನೂ ತೆಗೆದುಕೊಳ್ಳಬಹುದೇ? ಕೊನೆಕೊಯ್ಲು ಮುಗಿದು ಅಡಿಕೆ ಸುಲಿಯುವ ಹೊತ್ತಿಗೆ ಅಂಗೈಯೂ ಒಡೆಯುತ್ತದೆ, ಬೆಳಿಗ್ಗೆ ಬೆರಳು ಮಡಚಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಅದು ಕೆಲಸದ ದಣಿವಿರಬೇಕು.

ಉತ್ತರ: ಹೇಳಿದರೂ ಆಯಿತು, ಬಿಟ್ಟರೂ ಆಯಿತು ಎಂಬಂತೆ ನೀವು ಪತ್ರದ ಕೊನೆಗೆ ಸೇರಿಸಿದ ಸಾಲೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಅಂಗೈ ಒಡೆಯುವುದನ್ನೂ ಬೆಳಗಿನ ಹೊತ್ತು ಬೆರಳು ಬಿಗಿಯುವುದನ್ನೂ ನಿಮ್ಮ ವೈದ್ಯರಿಗೆ ನೀವು ಹೇಳಿಲ್ಲವೆಂದು ನನ್ನ ಊಹೆ. ಹೇಳದೇ ಇದ್ದ ಪಕ್ಷದಲ್ಲಿ ಅವರು ಮುಲಾಮನ್ನಷ್ಟೇ ಬರೆದುಕೊಟ್ಟದ್ದು ಸರಿಯಾಗಿಯೇ ಇದೆ. ಹೇಳಿದ ಮೇಲೆ ಅಷ್ಟೇ ಸಾಕಾಗಲಿಕ್ಕಿಲ್ಲ.

ಕಾಯಿಲೆಯ ಮೂಲ ನಿಮ್ಮ ಮೂವರಲ್ಲೂ ಒಂದೇ. ರೋಗನಿರೋಧಕ ವ್ಯವಸ್ಥೆ ಹದ ತಪ್ಪಿ ಚರ್ಮವನ್ನು ಕೆಣಕುವುದರಿಂದ, ಸುಮಾರು 28 ದಿನಗಳಲ್ಲಿ ಬೆಳೆದು ಉದುರಬೇಕಾದ ಚರ್ಮದ ಜೀವಕೋಶಗಳು ಮೂರರಿಂದ ಐದು ದಿನಗಳಲ್ಲೇ ಮೇಲೆ ಬಂದು ಪದರ ಪದರವಾಗಿ ಕೂರುತ್ತವೆ. ಕಲೆಯ ಮೇಲಿನ ಹೊಟ್ಟನ್ನು ಗಾಜಿನ ಪಟ್ಟಿಯ ಅಂಚಿನಿಂದ ಮೆಲ್ಲಗೆ ಕೆರೆದರೆ ಮೇಣದಬತ್ತಿಯನ್ನು ಕೆರೆದಂತೆ ಬಿಳಿ ಪುಡಿ ಏಳುತ್ತದೆ, ಇನ್ನೂ ಕೆರೆದರೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಮೂಡುತ್ತವೆ. (ಮನೆಯಲ್ಲಿ ಇದನ್ನು ಮಾಡಿ ನೋಡಬೇಡಿ; ಕೆರೆದ ಗೀರಿನುದ್ದಕ್ಕೂ ಹೊಸ ಕಲೆ ಏಳುವುದು ಈ ಕಾಯಿಲೆಯ ಸ್ವಭಾವ.) ಆದರೆ ಅದು ಎಷ್ಟು ಜಾಗ ಹಿಡಿದಿದೆ, ಎಲ್ಲಿ ಹಿಡಿದಿದೆ, ಯಾರ ಮೈಯನ್ನು ಹಿಡಿದಿದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ, ಮತ್ತು ಚಿಕಿತ್ಸೆ ನಿರ್ಧಾರವಾಗುವುದು ಇವುಗಳಿಂದಲೇ.

ಜಾಗ ಅಳೆಯಲು ರೋಗಿಯ ಕೈಯೇ ಅಳತೆ: ಬೆರಳುಗಳೂ ಸೇರಿ ಒಂದು ಅಂಗೈಯಗಲವೆಂದರೆ ಮೈಯ ಶೇ. 1 ಎಂದು ಲೆಕ್ಕ. ಮೂರು ಅಂಗೈಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಹಚ್ಚುವ ಔಷಧದಲ್ಲೇ ಹತೋಟಿಗೆ ತರಬಹುದು. ಹತ್ತು ದಾಟಿದರೆ ದಿನಾಲೂ ಮುಲಾಮು ಹಚ್ಚುತ್ತ ಕೂರುವುದು ಆಗದ ಮಾತು, ಆಗ ಬೆಳಕಿನ ಚಿಕಿತ್ಸೆಯೋ ಹೊಟ್ಟೆಗೆ ಔಷಧವೋ ಬೇಕಾಗುತ್ತದೆ. ಈ ಲೆಕ್ಕಕ್ಕೆ ಸಿಗದ ಜಾಗಗಳೂ ಇವೆ: ಮುಖ, ನೆತ್ತಿ, ಅಂಗೈ, ಅಂಗಾಲು, ಉಗುರು, ಗುಪ್ತಾಂಗ. ಎರಡೂ ಅಂಗೈ ಸೇರಿದರೆ ಶೇ. 2ರ ಒಳಗೇ, ಆದರೆ ಮೆಟ್ಟುಗತ್ತಿಯ ಮುಂದೆ ಕುಳಿತು ಹಗಲಿಡೀ ಅಡಿಕೆ ಸುಲಿಯುವವರಿಗೆ ಆ ಶೇ. 2 ಎಂದರೆ ಇಡೀ ದುಡಿಮೆ. ಕೆಲಸದ ತಿಕ್ಕಾಟ ಅಂಗೈಯ ಸೋರಿಯಾಸಿಸ್ ಅನ್ನು ಹೆಚ್ಚಿಸುತ್ತದೆ. ಒದ್ದೆ ಮತ್ತು ತಿಕ್ಕಾಟದಿಂದಲೇ ಬರುವ ಕೈ ಇಸುಬು ಕೂಡ ಹೀಗೆಯೇ ಕಾಣಬಹುದು. ಎರಡನ್ನೂ ಕೈ ನೋಡಿಯೇ ಬೇರ್ಪಡಿಸಬೇಕು, ಪತ್ರದಲ್ಲಿ ಆಗುವುದಿಲ್ಲ.

ಬೆರಳಿನ ವಿಷಯ ಇನ್ನೂ ಗಂಭೀರ. ಸೋರಿಯಾಸಿಸ್ ಇರುವವರಲ್ಲಿ ಶೇ. 30ರವರೆಗೆ ಜನರಿಗೆ ಅದರ ಜೊತೆಗಿನ ಕೀಲುವಾತವೂ ಬರಬಹುದು, ಹೆಚ್ಚಿನವರಿಗೆ ಚರ್ಮದ ಕಲೆ ಕಾಣಿಸಿ ಕೆಲವು ವರ್ಷಗಳಾದ ಮೇಲೆ. ದಣಿವಿನ ನೋವು ಮಲಗಿ ಎದ್ದರೆ ಇಳಿಯುತ್ತದೆ. ಕೀಲುರಿಯ ಬಿಗಿತ ಎದ್ದಾಗಲೇ ಹೆಚ್ಚಿದ್ದು, ಕೈಯಾಡಿಸಿದಂತೆಲ್ಲ ಸಡಿಲಾಗುತ್ತದೆ. ನಾಳೆ ಬೆಳಿಗ್ಗೆ ಗಡಿಯಾರ ನೋಡಿಕೊಳ್ಳಿ. ಬಿಗಿತ ಅರ್ಧ ಗಂಟೆ ಮೀರಿದರೆ, ಯಾವುದಾದರೂ ಬೆರಳು ಬುಡದಿಂದ ತುದಿಯವರೆಗೆ ಊದಿದ್ದರೆ, ಉಗುರಿನ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ಗುಳಿಗಳಿದ್ದರೆ, ಮುಂದಿನ ಸುಗ್ಗಿಯವರೆಗೆ ಕಾಯದೆ ತೋರಿಸಿ. ಒಮ್ಮೆ ಸವೆದ ಕೀಲನ್ನು ಔಷಧ ಮೊದಲಿನಂತೆ ಮಾಡಿಕೊಡುವುದಿಲ್ಲ.

ಇನ್ನು ಭಾವನ ಮಾತ್ರೆ. ವಾರಕ್ಕೊಮ್ಮೆ ಎಂದಿರುವುದರಿಂದ ಅದು ಮೆಥೋಟ್ರೆಕ್ಸೇಟ್ ಆಗಿರಬೇಕು. ಹಳೆಯ, ಅಗ್ಗದ, ನಂಬಿಕೆಗೆ ಅರ್ಹವಾದ ಔಷಧ; ಚರ್ಮಕ್ಕೂ ಕೀಲಿಗೂ ಕೆಲಸ ಮಾಡುವುದರಿಂದ ನಿಮಗೂ ಮುಂದೆ ಇದೇ ಬರಬಹುದು. ಆದರೆ ಅದನ್ನು ಆರಂಭಿಸುವ ಮೊದಲು ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ ಆಗಬೇಕು, ಆಮೇಲೂ ಆಗಾಗ ಆಗುತ್ತಿರಬೇಕು. ಮದ್ಯ ಬಿಡಬೇಕು, ಜೊತೆಗೆ ಫೋಲಿಕ್ ಆ್ಯಸಿಡ್ ಬೇಕು. ಕರಾವಳಿಯ ದೋಣಿ ಕೆಲಸಗಾರರೊಬ್ಬರು ಒಮ್ಮೆ ನನ್ನ ಬಳಿ ಬಂದಾಗ ಗಂಜಿತಿಳಿಯನ್ನೂ ನುಂಗಲಾಗದಷ್ಟು ಬಾಯಿ ಹುಣ್ಣಾಗಿತ್ತು. ವಾರಕ್ಕೊಮ್ಮೆ ಎಂದು ಕೊಟ್ಟದ್ದನ್ನು, ಬೇಗ ವಾಸಿಯಾಗಲೆಂದು, ದಿನಕ್ಕೊಂದು ಬಾರಿಯಂತೆ ಒಂಬತ್ತು ದಿನ ನುಂಗಿದ್ದರು. ಬಿಳಿ ರಕ್ತಕಣಗಳು ಪಾತಾಳಕ್ಕಿಳಿದಿದ್ದವು. ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು. ಅಂದಿನಿಂದ ನಾನು ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದು ಬರೆಯುವುದನ್ನು ಬಿಟ್ಟು ‘ಭಾನುವಾರ ಮಾತ್ರ’ ಎಂದೇ ಬರೆಯುತ್ತೇನೆ. ಇಂಥ ಮಾತ್ರೆಯನ್ನು ನೆಂಟರ ಡಬ್ಬಿಯಿಂದ ತೆಗೆದು ನುಂಗುವುದು ಬೇಡ.

ಗೆಳೆಯನ ಇಂಜೆಕ್ಷನ್ ಬಹುಶಃ ಬಯಾಲಜಿಕ್ ಎಂಬ ಗುಂಪಿನದು. ಇವು ಉರಿಯೂತದ ಒಂದೊಂದೇ ಕೊಂಡಿಯನ್ನು ತಡೆಯುತ್ತವೆ. ಬೆಂಗಳೂರಿನ ಬಯೋಕಾನ್ ಕಂಪನಿಯ ಇಟೊಲಿಜುಮ್ಯಾಬ್ ಎಂಬ ಇದೇ ಗುಂಪಿನ ಔಷಧಕ್ಕೆ ನಮ್ಮ ದೇಶದಲ್ಲಿ ಸೋರಿಯಾಸಿಸ್‌ಗಾಗಿ ಅನುಮತಿ ಸಿಕ್ಕಿದ್ದು 2013ರಲ್ಲಿ. ಗುಣ ಬೇಗ ಕಾಣುತ್ತದೆ, ಬೆಲೆಯೂ ಕಾಣುತ್ತದೆ. ಕೊಡುವ ಮೊದಲು ಮೈಯಲ್ಲಿ ಅಡಗಿರುವ ಕ್ಷಯ ಮತ್ತು ಹೆಪಟೈಟಿಸ್ ಬಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೇರೆ ಔಷಧಗಳು ನಾಟದಿದ್ದಾಗ ಅಥವಾ ಒಗ್ಗದಿದ್ದಾಗಲೇ ಇದರ ಮಾತು ಬರುವುದು ನಮ್ಮಲ್ಲಿ ಹೆಚ್ಚು, ಅದಕ್ಕೆ ವೈದ್ಯಶಾಸ್ತ್ರದಷ್ಟೇ ಜೇಬೂ ಕಾರಣ.

ಮುಲಾಮಿಗೂ ಮಾತ್ರೆಗೂ ನಡುವೆ ಬರುವ ಬೆಳಕಿನ ಚಿಕಿತ್ಸೆಯನ್ನು ನಾನು ಮೆಚ್ಚುತ್ತೇನೆ. 311 ನ್ಯಾನೋಮೀಟರಿನ ನೇರಳಾತೀತ ಕಿರಣವನ್ನು ವಾರಕ್ಕೆ ಎರಡು ಮೂರು ಬಾರಿಯಂತೆ ಕೆಲವು ತಿಂಗಳು ಮೈಗೆ ಬಿಡುತ್ತಾರೆ, ಯಕೃತ್ತಿಗೆ ತೊಂದರೆಯಿಲ್ಲ. ಆದರೆ ಯಂತ್ರವಿರುವ ಊರಿಗೆ ವಾರಕ್ಕೆ ಮೂರು ಸಲ ಹೋಗಿ ಬರುವುದು ಯಾರಿಗೆ ಸಾಧ್ಯ? ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರು, ಮಳೆಗಾಲದಲ್ಲಿ ದಾರಿಯ ಪಾಡು ನಿಮಗೇ ಗೊತ್ತು. ಹೀಗಾಗಿ ಪೇಟೆಯವರಿಗೆ ಬೆಳಕು, ಹಳ್ಳಿಯವರಿಗೆ ಮಾತ್ರೆ ಎಂದಾಗುವುದುಂಟು.

ವೈದ್ಯರಲ್ಲಿಗೆ ಹೋಗುವಾಗ ನೀವು ನುಂಗುವ ಬೇರೆ ಮಾತ್ರೆಗಳನ್ನೂ ಒಯ್ಯಿರಿ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳು, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಸೋರಿಯಾಸಿಸ್ ಅನ್ನು ಕೆರಳಿಸಬಲ್ಲವು. ಆದರೂ ನೀವಾಗಿಯೇ ನಿಲ್ಲಿಸಬೇಡಿ. ತೂಕ, ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಿ, ಈ ಮೂರೂ ಈ ಕಾಯಿಲೆಯ ಜೊತೆಗಾರರು. ಸುಲಿಯುವಾಗ ಹತ್ತಿಯ ಕೈಗವಸು ಹಾಕಿ, ರಾತ್ರಿ ಅಂಗೈಗೆ ತೆಂಗಿನೆಣ್ಣೆ ಹಚ್ಚಿ ಮಲಗಿ.

ಪ್ರಶ್ನೆ: ಕಾರವಾರದಿಂದ ಬರೆಯುತ್ತಿದ್ದೇನೆ, ವಯಸ್ಸು 27. ಒಂದು ವರ್ಷದಿಂದ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ. ಡಿಸೆಂಬರಿನಲ್ಲಿ ಮದುವೆ. ಸೋರಿಯಾಸಿಸ್ ಅಂಟುತ್ತದೆಯೇ, ಮಕ್ಕಳಿಗೆ ಬರುತ್ತದೆಯೇ ಎಂದು ಅತ್ತೆಯ ಮನೆಯವರು ಕೇಳುತ್ತಿದ್ದಾರೆ.

ಉತ್ತರ: ಅಂಟುವುದಿಲ್ಲ. ಒಂದೇ ಬಟ್ಟಲು, ಒಂದೇ ಹಾಸಿಗೆ, ಯಾವುದರಿಂದಲೂ ಹರಡುವುದಿಲ್ಲ. ತಂದೆತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಂಭವ ಸುಮಾರು ಶೇ. 15 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ, ಅಂದರೆ ಬಾರದಿರುವ ಸಂಭವವೇ ಬಹಳ ಹೆಚ್ಚು.

ಆದರೆ ನಿಮ್ಮ ಔಷಧದ ಬಗ್ಗೆ ಈಗಲೇ ಮಾತಾಡಬೇಕು. ಮೆಥೋಟ್ರೆಕ್ಸೇಟ್ ಭ್ರೂಣಕ್ಕೆ ಹಾನಿ ಮಾಡುತ್ತದೆ. ಗರ್ಭ ಧರಿಸುವ ಕೆಲವು ತಿಂಗಳು ಮೊದಲೇ ಅದನ್ನು ನಿಲ್ಲಿಸಿರಬೇಕು, ಅಲ್ಲಿಯವರೆಗೆ ಗರ್ಭನಿರೋಧಕ ಬಳಸಬೇಕು. ಬದಲಿಗೆ ಅಸಿಟ್ರೆಟಿನ್ ಎಂಬ ಮಾತ್ರೆಯನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ, ಅದನ್ನು ಬಿಟ್ಟ ಮೇಲೂ ಮೂರು ವರ್ಷ ಗರ್ಭ ಧರಿಸುವಂತಿಲ್ಲ. ನಿಮಗೆ ಹೊಂದುವುದು ಬೆಳಕಿನ ಚಿಕಿತ್ಸೆ ಮತ್ತು ಮೃದುವಾದ ಮುಲಾಮುಗಳು. ಗರ್ಭಿಣಿಯಾದಾಗ ಅರ್ಧಕ್ಕೂ ಹೆಚ್ಚು ಮಂದಿಗೆ ಕಲೆಗಳು ತಾವಾಗಿಯೇ ಇಳಿಯುತ್ತವೆ, ಬಾಣಂತನದಲ್ಲಿ ಮತ್ತೆ ಏಳುವುದುಂಟು.

ನಮ್ಮ ದೇಶದ ಆಸ್ಪತ್ರೆಗಳ ಲೆಕ್ಕದಲ್ಲಿ ಸೋರಿಯಾಸಿಸ್‌ನ ಗಂಡಸರು ಹೆಂಗಸರ ಸುಮಾರು ಇಮ್ಮಡಿ. ಇದು ನಿಜವಾಗಿಯೂ ಕಾಯಿಲೆಯ ಲೆಕ್ಕವೋ, ಬಸ್ಸು ಹತ್ತಿ ಆಸ್ಪತ್ರೆಗೆ ಬರಲು ಆದವರ ಲೆಕ್ಕವೋ ಎಂಬ ಅನುಮಾನ ನನಗೆ ಹಿಂದಿನಿಂದಲೂ ಇದೆ. ಮದುವೆಯ ಭಯದಿಂದ ತುಂಬುತೋಳಿನ ರವಿಕೆಯೊಳಗೆ ಮುಚ್ಚಿಟ್ಟುಕೊಂಡವರನ್ನು ಬಹಳ ನೋಡಿದ್ದೇನೆ. ನಿಮ್ಮ ಅತ್ತೆಯ ಮನೆಯವರು ಬಾಯಿಬಿಟ್ಟು ಕೇಳಿದ್ದಾರೆ, ಒಳ್ಳೆಯದೇ ಆಯಿತು. ವರನನ್ನೂ ಕರೆದುಕೊಂಡು ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ಅಂಕೋಲಾ. ನನ್ನ 11 ವರ್ಷದ ಮಗನಿಗೆ ಗಂಟಲುನೋವು, ಜ್ವರ ಬಂದು ಹೋದ ಎರಡು ವಾರಕ್ಕೆ ಮೈತುಂಬ ಸಣ್ಣ ಕೆಂಪು ಕಲೆಗಳೆದ್ದಿವೆ. ಔಷಧದಂಗಡಿಯವರು ಗಜಕರ್ಣವೆಂದು ಮುಲಾಮು ಕೊಟ್ಟರು. ಮನೆಯ ಹಿರಿಯರು ನಾಗದೋಷ ಎನ್ನುತ್ತಾರೆ, ಮೀನು ನಂಜೆಂದು ನಿಲ್ಲಿಸಿದ್ದಾರೆ.

ಉತ್ತರ: ಮಳೆಹನಿ ಸಿಡಿದಂಥ ಈ ಕಲೆಗಳು, ಅದರಲ್ಲೂ ಗಂಟಲುನೋವಿನ ಬೆನ್ನಿಗೆ ಎದ್ದವು, ಹನಿ ಸೋರಿಯಾಸಿಸ್ ಇರಬಹುದು. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನ ಗಂಟಲುಬೇನೆ ಇದನ್ನು ಎಬ್ಬಿಸುತ್ತದೆ. ಮಕ್ಕಳಲ್ಲಿ ಅನೇಕ ಸಲ ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಕೆಲವರಲ್ಲಿ ಮುಂದೆ ದೊಡ್ಡ ಕಲೆಗಳ ರೂಪ ತಾಳುತ್ತದೆ. ಗಂಟಲನ್ನು ಪರೀಕ್ಷಿಸಿ ಸೋಂಕು ಉಳಿದಿದ್ದರೆ ಔಷಧ ಕೊಡಿಸಿ.

ಅಂಗಡಿಯ ಮುಲಾಮಿನ ಟ್ಯೂಬನ್ನು ವೈದ್ಯರಿಗೆ ತೋರಿಸುವವರೆಗೆ ಎಸೆಯಬೇಡಿ, ಹಚ್ಚಲೂ ಬೇಡಿ. ಗಜಕರ್ಣಕ್ಕೆಂದು ಮಾರುವ ಎಷ್ಟೋ ಮುಲಾಮುಗಳಲ್ಲಿ ಬಲವಾದ ಸ್ಟಿರಾಯ್ಡ್ ಬೆರೆತಿರುತ್ತದೆ. ಅದು ಗಜಕರ್ಣವನ್ನು ಒಳಗೊಳಗೇ ಬೆಳೆಸುತ್ತದೆ, ಸೋರಿಯಾಸಿಸ್ ಆಗಿದ್ದರೆ ಹಚ್ಚುವಾಗ ಅಡಗಿಸಿ ಬಿಟ್ಟಾಗ ಇಮ್ಮಡಿಯಾಗಿ ಎಬ್ಬಿಸುತ್ತದೆ. ಪೂಜೆ ಮಾಡಿಸುವುದು ನಿಮ್ಮ ಮನೆಯ ವಿಚಾರ, ಅದಕ್ಕಾಗಿ ವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ. ಮೀನಿಗೂ ಈ ಕಲೆಗಳಿಗೂ ಸಂಬಂಧವಿಲ್ಲ. ಬೆಳೆಯುವ ಹುಡುಗನಿಗೆ ಬಂಗಡೆಯ ಸಾರನ್ನು ಇವತ್ತಿನಿಂದಲೇ ಬಡಿಸಿ.