ನೌಕಾನೆಲೆಯ ಒಳಗಿನ ಕೆಲಸಕ್ಕೆ ಪುರಾವೆ ಎಲ್ಲಿಂದ ತರಲಿ?

ಪ್ರಶ್ನೆ: ಸರ್, ಐಟಿಐ ವೆಲ್ಡರ್ ಟ್ರೇಡ್ ಮುಗಿಸಿ ಏಳು ವರ್ಷವಾಯಿತು. ಮೊದಲೆರಡು ವರ್ಷ ವಾಸ್ಕೋದಲ್ಲಿ ಕಂಟ್ರಾಕ್ಟರ್ ಕೈಕೆಳಗೆ, ಸಂಬಳ ನಗದು. ಆಮೇಲಿಂದ ಕಾರವಾರದ ಅರಗಾ ನೌಕಾನೆಲೆಯಲ್ಲಿ ಹಡಗು ರಿಪೇರಿ, ಪಿಎಫ್ ಇದೆ. ಮಳೆಗಾಲದಲ್ಲಿ ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಟ್ರಾಲರ್‌ಗಳ ಕೆಲಸವನ್ನೂ ಮಾಡುತ್ತೇನೆ. ಆಸ್ಟ್ರೇಲಿಯಾದ ವೀಸಾಕ್ಕೆ ಬೇಕಾದ ಕೌಶಲ ಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕು. ಏಜೆಂಟ್ ‘ಖಾಲಿ ಲೆಟರ್‌ಹೆಡ್ ತಾ, ಏಳು ವರ್ಷದ್ದೂ ಬರೆಸುತ್ತೇನೆ’ ಅನ್ನುತ್ತಾನೆ. ನೆಲೆಯೊಳಗೆ ಫೋಟೊ ತೆಗೆಯುವಂತಿಲ್ಲ. ಏನು ಮಾಡಲಿ?
– ಓದುಗರು, ಸದಾಶಿವಗಡ

ಉತ್ತರ: ಲೆಟರ್‌ಹೆಡ್ ಕೊಡಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ವೀಸಾ ಹೋಗುವುದಲ್ಲದೆ 3 ವರ್ಷ ಬಾಗಿಲು ಮುಚ್ಚಬಹುದು. ಮೌಲ್ಯಮಾಪನ ಸಂಸ್ಥೆಗೆ ಕೊಟ್ಟ ಕಾಗದವೂ ಈ ನಿಯಮಕ್ಕೆ ಒಳಪಡುತ್ತದೆ. ಅರ್ಜಿಯ ಸಹಿ ನಿಮ್ಮದು, ಏಜೆಂಟನದಲ್ಲ. ಮೇಲಾಗಿ ಕಸುಬಿನ ಕೌಶಲ ಅಳೆಯುವ ಅಲ್ಲಿನ ಸರ್ಕಾರಿ ಸಂಸ್ಥೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾದ ವ್ಯವಸ್ಥೆಯಲ್ಲಿ ಭಾರತದ ವೆಲ್ಡರಿಗೆ ಸಾಮಾನ್ಯವಾಗಿ ದಾಖಲೆಯಲ್ಲೇ ಮುಗಿಯುವುದಿಲ್ಲ. ತಾಂತ್ರಿಕ ಸಂದರ್ಶನ, ಪ್ರಾಯೋಗಿಕ ಪರೀಕ್ಷೆಯೂ ಇರುತ್ತವೆ. ಪತ್ರದಲ್ಲಿ ಟಿಗ್ (ಗ್ಯಾಸ್ ಬಳಸುವ ನಾಜೂಕಿನ ವೆಲ್ಡಿಂಗ್) ಎಂದಿದ್ದು ಕೈಗೆ ಬರೀ ಆರ್ಕ್ (ಮಾಮೂಲಿ ರಾಡ್ ವೆಲ್ಡಿಂಗ್) ಬರುವುದಾದರೆ ಅಲ್ಲೇ ಬಯಲಾಗುತ್ತದೆ.

ಈಗಿನ ಕಂಟ್ರಾಕ್ಟರ್ ಹತ್ತಿರ ಹೋಗುವಾಗ ನಿಜ ವಿವರದ ಕರಡು ನೀವೇ ಒಯ್ದರೆ ತಪ್ಪಿಲ್ಲ. ‘ಪ್ರಾಮಾಣಿಕ, ಶ್ರಮಜೀವಿ’ ಎಂಬ ನಾಲ್ಕು ಸಾಲಿನ ಸರ್ಟಿಫಿಕೇಟ್ ಯಾವುದಕ್ಕೂ ಬರುವುದಿಲ್ಲ. ಸೇರಿದ ದಿನಾಂಕ, ಹುದ್ದೆ, ವಾರಕ್ಕೆ ಎಷ್ಟು ಗಂಟೆ, ಯಾವ ಬಗೆಯ ವೆಲ್ಡಿಂಗ್, ಯಾವ ಲೋಹ, ಎಷ್ಟು ದಪ್ಪದ ಪ್ಲೇಟ್, ಯಾವ ಮಷಿನ್, ಡ್ರಾಯಿಂಗ್ ಓದಿ ಫಿಟ್‌ಅಪ್ (ತುಂಡುಗಳ ಜೋಡಣೆ) ಮಾಡುತ್ತೀರೋ ಅಥವಾ ಯಾರೋ ಟ್ಯಾಕ್ (ತಾತ್ಕಾಲಿಕ ಚಿಕ್ಕ ಬೆಸುಗೆ) ಹಾಕಿಟ್ಟದ್ದನ್ನು ಬೆಸೆಯುತ್ತೀರೋ, ಇಷ್ಟೂ ಇರಲಿ. ಸಹಿ ಹಾಕುವವರ ಹೆಸರು, ಹುದ್ದೆ, ಫೋನ್ ನಂಬರ್ ಬೇಕು. ವಿಚಾರಿಸಲು ಕರೆ ಬಂದೀತೆಂದು ಅವರಿಗೆ ಮೊದಲೇ ಹೇಳಿಡಿ.

ಪತ್ರದ ದಿನಾಂಕ ಪಿಎಫ್ ಸೇವಾ ವಿವರಕ್ಕೆ ತಾಳೆಯಾಗಲೇಬೇಕು. ಜಾಗ ಒಂದೇ ಆದರೂ ಗುತ್ತಿಗೆ ಕೈ ಬದಲಾದಂತೆ ಯುಎಎನ್ (ಪಿಎಫ್‌ನ ಕಾಯಂ ಸಂಖ್ಯೆ) ಖಾತೆಯಲ್ಲಿ ಬೇರೆ ಬೇರೆ ಸಂಸ್ಥೆಯ ಹೆಸರು ಬಂದಿರುತ್ತದೆ. ಒಂದೊಂದರಿಂದಲೂ ಪತ್ರ ತನ್ನಿ. ಜೊತೆಗೆ ಪೇ ಸ್ಲಿಪ್, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ.

ವಾಸ್ಕೋದ ಎರಡು ವರ್ಷಕ್ಕೆ ಹಳೇ ಗೇಟ್ ಪಾಸ್, ಹಾಜರಿ ಚೀಟಿ, ಇಎಸ್‌ಐ ಕಾರ್ಡು ಏನಾದರೂ ಸಿಕ್ಕೀತೇ ಹುಡುಕಿ. ಸಿಗದಿದ್ದರೆ ನಾನಾದರೆ ಆ ಅವಧಿಯ ಮೇಲೆ ಭಾರ ಹಾಕುವುದಿಲ್ಲ. ಅಲುಗಾಡುವ ಏಳಕ್ಕಿಂತ ಗಟ್ಟಿಯಾದ ಐದು ವರ್ಷ ವಾಸಿ.

ಇನ್ನು ಫೋಟೊ. ನೆಲೆಯ ಒಳಗೆ ಕದ್ದು ತೆಗೆಯುವ ಯೋಚನೆಯೂ ಬೇಡ. 1923ರ ಅಧಿಕೃತ ರಹಸ್ಯ ಕಾಯ್ದೆ ತಮಾಷೆಯಲ್ಲ. ಪಾಸಿನ ಪ್ರತಿ, ಕೆಲಸದ ಆದೇಶ ಕೂಡ ಕೇಳದೆ ಹೊರಗೆ ಕಳಿಸಬೇಡಿ. ಆದರೆ ನಿಮ್ಮ ವೆಲ್ಡರ್ ಅರ್ಹತಾ ಪರೀಕ್ಷೆಯ ಸರ್ಟಿಫಿಕೇಟ್ ಇದ್ದರೆ, ಅಂದರೆ 3ಜಿ ಪ್ಲೇಟ್, 6ಜಿ ಪೈಪ್ ಎಂದು ಪೊಸಿಷನ್ (ಬೆಸೆಯುವಾಗ ಲೋಹ ಇರುವ ಭಂಗಿ) ಸಮೇತ ಬರೆದಿರುವುದು, ಹತ್ತು ಫೋಟೊಗಳಿಗಿಂತ ಹೆಚ್ಚು ಮಾತಾಡುತ್ತದೆ. ಬೈತಖೋಲದ ಕೆಲಸ ಇಲ್ಲಿ ನೆರವಿಗೆ ಬರುತ್ತದೆ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಟ್ರಾಲರ್‌ಗಳು ರಿಪೇರಿಗೆ ನಿಂತಾಗ, ಮಾಲೀಕರನ್ನು ಕೇಳಿ, ಒಂದೇ ಕೆಲಸವನ್ನು ತುಕ್ಕು ಕತ್ತರಿಸುವುದರಿಂದ ಮುಗಿಸುವ ತನಕ ಫೋಟೊ ತೆಗೆಸಿಕೊಳ್ಳಿ. ಚಿತ್ರದಲ್ಲಿ ನಿಮ್ಮ ಮುಖ, ಕೈ, ಹೆಲ್ಮೆಟ್ಟು, ಗ್ಲೌಸು ಕಾಣಲಿ. ಬಿಲ್ಲಿನ ಪ್ರತಿ ಜೊತೆಗಿರಲಿ.

ನಮ್ಮ ಜಿಲ್ಲೆಯಲ್ಲಿ ಮಾಮೂಲಾದ ತೊಡಕೊಂದಿದೆ: ಐಟಿಐ ಅಂಕಪಟ್ಟಿಯಲ್ಲಿ ನಾಯ್ಕ, ಪಾಸ್‌ಪೋರ್ಟಿನಲ್ಲಿ ನಾಯಕ. ಹೀಗಿದ್ದರೆ ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಮಾಡಿಸಿ. ಕನ್ನಡದ ಕಾಗದವೇನಿದ್ದರೂ ಅಧಿಕೃತ ಇಂಗ್ಲಿಷ್ ಅನುವಾದದ ಜೊತೆ ಮೂಲದ ಬಣ್ಣದ ಸ್ಕ್ಯಾನ್ ಕಳಿಸಿ, ಜೆರಾಕ್ಸಿನ ಸ್ಕ್ಯಾನ್ ಅಲ್ಲ.