ಚೀನೀ ಮಾತಾಡುವವರಿಗೆ ಇಂಗ್ಲಿಷಿನ ಮುಖಭಾವದ ಪದಗಳು ಯಾಕೆ ಗೊಂದಲ ಮಾಡುತ್ತವೆ?

ಎರಡು ಭಾಷೆಗಳೂ ಒಂದೇ ಮುಖವನ್ನು ಬೇರೆ ಬೇರೆ ಥರ ಹಂಚಿಕೊಂಡಿವೆ. ತೊಡಕು ಇರುವುದು ಅಲ್ಲಿ.

ನಗುವನ್ನೇ ನೋಡಿ. ಮ್ಯಾಂಡರಿನ್‌ನ, ಅಂದರೆ ಚೀನಾದ ಮುಖ್ಯ ಭಾಷೆಯ, 'ಶಿಯಾವ್' ಸ್ಮೈಲ್‌ಗೂ ಆಗುತ್ತದೆ, ಲಾಫ್‌ಗೂ ಆಗುತ್ತದೆ. ನಮ್ಮ 'ನಗು'ವೂ ಹಾಗೇ ಅಲ್ವಾ? ಬೇಕಾದಾಗ ಅದರ ಮೊದಲಿಗೆ ಒಂದು ಪದ ಸೇರಿಸುತ್ತಾರೆ: 'ವೇಯ್‌ಶಿಯಾವ್' ಮುಗುಳ್ನಗೆ, 'ಲಂಗ್‌ಶಿಯಾವ್' ತಣ್ಣನೆಯ ನಗು, 'ಕೂಶಿಯಾವ್' ಕಹಿ ನಗು. ಇಂಗ್ಲಿಷ್ ಹಲವು ಬಗೆಯ ನಗುವಿಗೆ ಬೇರೆಯೇ ಪದ ಇಟ್ಟುಕೊಂಡಿದೆ. ಗ್ರಿನ್ ಅಂದರೆ ಬಾಯಗಲಿಸಿದ ನಗು. ಗಿಗಲ್ ಕಿಸಿಕಿಸಿ ನಗು. ಸ್ಮರ್ಕ್ ಬಿಂಕದ ನಗು, ಅದನ್ನು ಹೊಗಳಿಕೆಗೆ ಬಳಸಬಾರದು. ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ತಪ್ಪು ಇದು: 'ಅವಳು ನನ್ನನ್ನು ನೋಡಿ ನಕ್ಕಳು' ಎನ್ನಲು ಹೋಗಿ 'ಶೀ ಲಾಫ್ಡ್ ಅಟ್ ಮಿ' ಎಂದರೆ ಅವಳು ಗೇಲಿ ಮಾಡಿದಳು ಎಂದಾಗುತ್ತದೆ. ಅಲ್ಲಿ 'ಸ್ಮೈಲ್ಡ್' ಬೇಕು.

ಕಣ್ಣಿನದೂ ಇದೇ ಕಥೆ. 'ಜಾಯೆನ್' ಎಂಬ ಒಂದೇ ಪದ ಬ್ಲಿಂಕ್‌ಗೂ ವಿಂಕ್‌ಗೂ ಬರುತ್ತದೆ. ಕಣ್ಣು ಮಿಟುಕಿಸುವುದು ಬೇರೆ, ಕಣ್ಣು ಹೊಡೆಯುವುದು ಬೇರೆ ಎಂದು ಕನ್ನಡದವರಿಗೆ ಹೇಳಿಕೊಡಬೇಕಿಲ್ಲ!

ಮೈಯ ಸನ್ನೆಗಳು ಅಷ್ಟು ಕಷ್ಟವಲ್ಲ. 'ದ್ಯನ್‌ಟೋ' ಅಂದರೆ ತಲೆಯಾಡಿಸಿ ಹೂಂ ಎನ್ನುವುದು, ಇಂಗ್ಲಿಷಿನಲ್ಲಿ ಬರೀ ನಾಡ್. 'ತಲೆ' ಎಂದು ಬೇರೆ ಹೇಳುವುದು ಬೇಡ. ಹೆಗಲು ಕುಣಿಸುವುದಕ್ಕೂ ಶ್ರಗ್ ಒಂದೇ ಸಾಕು.

ಕಲಿಯುವಾಗ ಸುಮ್ನೆ ಪಟ್ಟಿ ಬಾಯಿಪಾಠ ಮಾಡಬೇಡಿ. ಕನ್ನಡಿ ಮುಂದೆ ನಿಂತು ಆ ಮುಖ ಮಾಡಿ, ಪದ ಹೇಳಿ. ಫ್ರೌನ್‌ನಿಂದ ಶುರು ಮಾಡಿ: ಹುಬ್ಬು ಗಂಟಿಕ್ಕಿ.